ಸ್ವಭಾವವೂ ಶರೀರದ ದೂರುಗಳೂ

ಮುದ್ದೇಬಿಹಾಳ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ತಂಗಡಗಿಯ ಕಡೆಯಿಂದ ಪ್ರಾಥಮಿಕ ಶಾಲೆಯ ಉಪಾಧ್ಯಾಯರೊಬ್ಬರು ಬರೆದು ಕೇಳಿರುವ ಪ್ರಶ್ನೆಯು ನೋಡುವುದಕ್ಕೆ ಒಂದೇ ಆಗಿ ತೋರಿದರೂ ತನ್ನ ಗರ್ಭದಲ್ಲಿ ಮೂರು ಪ್ರಶ್ನೆಗಳನ್ನು ಧರಿಸಿಕೊಂಡಿದೆ. ಅವರ ಶಾಲೆಯ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು, ತಾಯಿತಂದೆಗಳು ಗೋವೆಗೆ ದುಡಿಯಲು ಹೋದಂದಿನಿಂದ ಅಜ್ಜಿಯ ಮನೆಯಲ್ಲಿರುವವಳು, ಬೆಳಗಿನ ಪ್ರಾರ್ಥನೆಯ ವೇಳೆಗೆ ಹೊಕ್ಕುಳ ಮೇಲೆ ಕೈಯಿಟ್ಟುಕೊಂಡು ಅಳುತ್ತಾಳೆ. ಬಿಸಿಯೂಟದ ಹೊತ್ತಿಗೆ ಉಳಿದ ಮಕ್ಕಳೊಡನೆ ಆಡುತ್ತಿರುತ್ತಾಳೆ. ಅರವತ್ತನ್ನು ದಾಟಿದ ಅವರ ತಾಯಿಯವರು, ಪತಿಯನ್ನು ಕಳೆದುಕೊಂಡ ಮೇಲೆ, “ಯಪ್ಪಾ, ಎದಿ ಡವಡವ ಅಂತದ, ಕಾಲ ಹರೀತಾವ, ಮೈಯೆಲ್ಲಾ ಉರಿ ಹತ್ತೇದ” ಎಂದು ನಿತ್ಯವೂ ಹೇಳಿಕೊಳ್ಳುತ್ತಾರೆ; ರಕ್ತ, ಮೂತ್ರ, ಇಸಿಜಿ ಇವೆಲ್ಲವನ್ನೂ ನೋಡಿದ ವೈದ್ಯರು “ಏನೂ ಇಲ್ಲವ್ವಾ, ಎಲ್ಲಾ ನಾರ್ಮಲ್ ಅದ” ಎಂದು ಕಳುಹಿಸಿಕೊಟ್ಟಿದ್ದಾರೆ. ಮೂರನೆಯವರು ಸ್ವತಃ ಪತ್ರಲೇಖಕರೇ: ಎಳೆಯಂದಿನಿಂದ ಚಿಂತೆಯ ಸ್ವಭಾವದವರಾದ ತಮಗೆ ತಲೆನೋವು ಬಂದರೆ ಗಡ್ಡೆಯ ಭಯವೂ, ಎದೆ ಹಿಡಿದರೆ ಹೃದಯಾಘಾತದ ಭಯವೂ ಬೆನ್ನು ಹತ್ತುತ್ತವೆ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಈ ಮೂವರ ನೋವೂ ನಿಜವೇ, ನಿಜವಾದರೆ ಅದಕ್ಕೆ ಹೊಣೆ ಸ್ವಭಾವವೋ ವಯಸ್ಸೋ ಎಂಬುದು ಅವರ ಜಿಜ್ಞಾಸೆ.

ಇಂಥ ಪ್ರಶ್ನೆಗೆ ನಮ್ಮ ಸಮಾಜದಲ್ಲಿ ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ಮಗುವಿಗಾದರೆ “ಸಾಲಿ ತಪ್ಪಿಸಾಕ ನಾಟಕ” ಎಂದೂ, ಮುದುಕಿಗಾದರೆ “ವಯಸ್ಸಾತು, ಇನ್ನೇನು” ಎಂದೂ ಹೇಳುವುದು ಒಂದು. ಸಕಲ ರೋಗಗಳಿಗೂ ಮನಸ್ಸೇ ಮೂಲ, ಅದುಮಿಟ್ಟ ಕೋಪವೇ ಅರ್ಬುದವಾಗುತ್ತದೆ, ಹರ್ಷಚಿತ್ತರಾಗಿದ್ದರೆ ಔಷಧವೇ ಬೇಡ ಎಂಬುದಾಗಿ ಇತ್ತೀಚಿನ ಪುಸ್ತಕಗಳೂ ಭಾಷಣಗಳೂ ಸಾರುತ್ತಿರುವುದು ಇನ್ನೊಂದು. ಮೊದಲನೆಯದು ನಿರ್ದಯವಾದುದು, ಎರಡನೆಯದು ಕರುಣೆಯ ವೇಷವನ್ನು ಧರಿಸಿದ್ದರೂ ರೋಗಿಯ ತಲೆಯ ಮೇಲೆಯೇ ರೋಗದ ಅಪರಾಧವನ್ನು ಹೊರಿಸುವಂಥದು. ಸ್ವಭಾವವು ದೇಹದ ದೂರುಗಳನ್ನು ಹೆಚ್ಚಿಸುವುದು ನಿಶ್ಚಯ, ಆದರೆ ಅದು ರೋಗವನ್ನೇ ಸೃಷ್ಟಿಸುವುದು ಜನರು ನಂಬಿರುವುದಕ್ಕಿಂತ ಬಹಳ ಕಡಿಮೆ. ಈ ಎರಡರ ನಡುವಣ ಅಂತರವನ್ನು ಅರಿಯದೆ ಇರುವುದರಿಂದಲೇ ಮಕ್ಕಳೂ ವೃದ್ಧರೂ ಅನ್ಯಾಯಕ್ಕೆ ಗುರಿಯಾಗುತ್ತಿದ್ದಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮನಸ್ಸು ದೇಹವನ್ನು ಮುಟ್ಟುತ್ತದೆ ಎಂಬುದು ನಮಗೆ ಹೊಸ ತಿಳಿವಳಿಕೆಯೇನಲ್ಲ. ಚರಕಸಂಹಿತೆಯು ರೋಗಕಾರಣಗಳಲ್ಲಿ ಪ್ರಜ್ಞಾಪರಾಧಕ್ಕೆ ಸ್ಥಾನವನ್ನು ಕೊಟ್ಟು ಎಷ್ಟೋ ಶತಮಾನಗಳಾದುವು. ಆದರೆ ಹೇಗೆ ಮುಟ್ಟುತ್ತದೆ ಎಂಬುದನ್ನು ಮನುಷ್ಯನು ಕಣ್ಣಾರೆ ಕಂಡದ್ದು ಒಂದು ಅಪಘಾತದ ದೆಸೆಯಿಂದ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಬಂದೂಕಿನ ಗುಂಡು ತಗುಲಿ, ಗಾಯವು ಮಾಯ್ದ ಮೇಲೂ ಜಠರಕ್ಕೆ ಹೊರಗಿನಿಂದ ಒಂದು ರಂಧ್ರವು ಉಳಿದುಕೊಂಡಿತು. ಅವನಿಗೆ ಚಿಕಿತ್ಸೆ ಮಾಡಿದ ಸೈನ್ಯದ ವೈದ್ಯ ವಿಲಿಯಂ ಬೋಮಾಂಟನು ಆ ರಂಧ್ರದ ಮೂಲಕ ವರ್ಷಾನುಗಟ್ಟಲೆ ಜೀರ್ಣಕ್ರಿಯೆಯನ್ನು ವೀಕ್ಷಿಸಿ 1833ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಸಿಟ್ಟಿನಂಥ ಉದ್ವೇಗಗಳು ಜಠರದ ಕೆಲಸವನ್ನು ಕೆಡಿಸುವುದನ್ನು ಅವನು ಗುರುತಿಸಿದನು. ಶತಮಾನವೊಂದು ಕಳೆದ ಮೇಲೆ ನ್ಯೂಯಾರ್ಕಿನಲ್ಲಿ ಸ್ಟುವರ್ಟ್ ವುಲ್ಫ್, ಹೆರಾಲ್ಡ್ ವುಲ್ಫ್ ಎಂಬ ಇಬ್ಬರು ವೈದ್ಯರಿಗೆ ಅಂಥದೇ ಇನ್ನೊಬ್ಬ ಮನುಷ್ಯನು ದೊರೆತನು. ಬಾಲ್ಯದಲ್ಲಿ ಕುದಿಯುವ ಸಾರನ್ನು ನುಂಗಿ ಅನ್ನನಾಳವು ಮುಚ್ಚಿಹೋಗಿದ್ದುದರಿಂದ, ಹೊಟ್ಟೆಗೆ ಮಾಡಿದ ರಂಧ್ರದ ಮೂಲಕವೇ ಉಂಡು ಬದುಕಿದ ಟಾಮ್ ಎಂಬಾತನು ಅವನು. ಅವನಿಗೆ ಸಿಟ್ಟು ಬಂದಾಗ ಜಠರದ ಒಳಪೊರೆಯು ಕೆಂಪೇರಿ ಆಮ್ಲವನ್ನು ಸುರಿಸುತ್ತಿತ್ತು. ಹೆದರಿದಾಗ ಅದೇ ಪೊರೆಯು ಬಿಳಿಚಿಕೊಂಡು ಸ್ತಬ್ಧವಾಗುತ್ತಿತ್ತು. 1943ರಲ್ಲಿ ಇದನ್ನು ಅವರು ಪ್ರಕಟಿಸಿದಾಗ, ಭಾವವು ಮುಖದ ಮೇಲೆ ಮಾತ್ರವೇ ಅಲ್ಲದೆ ಉದರದೊಳಗೂ ಬಣ್ಣವನ್ನು ಬದಲಿಸುತ್ತದೆಂಬುದಕ್ಕೆ ಪ್ರತ್ಯಕ್ಷಪ್ರಮಾಣವೇ ದೊರೆತಂತಾಯಿತು.

ಬೋಮಾಂಟನಿಗೂ ಈ ವುಲ್ಫರಿಗೂ ನಡುವಣ ಕಾಲದಲ್ಲಿ ನಿಂತಿರುವ ಹಾರ್ವರ್ಡಿನ ವಾಲ್ಟರ್ ಕ್ಯಾನನನನ್ನು ನಾನು ವಿಶೇಷವಾದ ಗೌರವದಿಂದ ನೆನೆಯುತ್ತೇನೆ. ಎಕ್ಸ್‌ಕಿರಣವು ಕಂಡುಹಿಡಿಯಲ್ಪಟ್ಟು ಇನ್ನೂ ಎರಡು ವರ್ಷಗಳೂ ಪೂರ್ತಿಯಾಗಿ ಸಂದಿರದ ಕಾಲದಲ್ಲಿ, ವಿದ್ಯಾರ್ಥಿಯಾಗಿದ್ದ ಆತನು ಬೆಕ್ಕುಗಳಿಗೆ ಬಿಸ್ಮತ್ ಬೆರೆಸಿದ ಆಹಾರವನ್ನು ತಿನ್ನಿಸಿ ಅವುಗಳ ಜಠರದ ಚಲನೆಯನ್ನು ಆ ಕಿರಣಗಳಲ್ಲಿ ನೋಡುತ್ತಿದ್ದಾಗ, ಬೆಕ್ಕು ಕೆರಳಿದ ಅಥವಾ ಕಳವಳಗೊಂಡ ಕ್ಷಣದಲ್ಲಿ ಆ ಚಲನೆಯು ತಟ್ಟನೆ ನಿಂತುಬಿಡುವುದನ್ನು ಕಂಡನು. ಬೇರೊಬ್ಬನಾಗಿದ್ದರೆ ಪ್ರಯೋಗಕ್ಕೆ ಅಡ್ಡಿಯಾಯಿತೆಂದು ಬೆಕ್ಕನ್ನು ಬದಲಿಸುತ್ತಿದ್ದನೇನೋ; ಕ್ಯಾನನನು ಆ ಅಡ್ಡಿಯನ್ನೇ ತನ್ನ ಜೀವಮಾನದ ವಿಷಯವನ್ನಾಗಿ ಮಾಡಿಕೊಂಡನು. ಭಯಕೋಪಗಳು ಉಂಟಾದಾಗ ನಮ್ಮ ಇಚ್ಛೆಗೆ ಒಳಪಡದ ನರವ್ಯೂಹವೂ, ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳೂ ಒಂದಾಗಿ ದೇಹವನ್ನು ಹೋರಾಟಕ್ಕೋ ಪಲಾಯನಕ್ಕೋ ಸಜ್ಜುಗೊಳಿಸುತ್ತವೆ. ಹೃದಯವು ಬಡಿದುಕೊಳ್ಳುತ್ತದೆ, ರಕ್ತವು ಕರುಳನ್ನು ಬಿಟ್ಟು ಸ್ನಾಯುಗಳಿಗೆ ಹರಿಯುತ್ತದೆ, ಬೆವರು ಒಡೆಯುತ್ತದೆ ಎಂಬುದನ್ನು ಆತನು 1915ರಲ್ಲಿ ಗ್ರಂಥರೂಪವಾಗಿ ನಿರೂಪಿಸಿದನು. ಪತ್ರಲೇಖಕರ ತಾಯಿಯವರ ಎದೆ ಡವಡವವೂ, ಆ ಹುಡುಗಿಯ ಹೊಟ್ಟೆನೋವೂ ಈ ಮಾರ್ಗದಿಂದ ಬರಬಲ್ಲವು. ಅವು ಕಲ್ಪನೆಯ ವಸ್ತುಗಳಲ್ಲ, ಸ್ನಾಯುಗಳಲ್ಲಿಯೂ ನಾಳಗಳಲ್ಲಿಯೂ ನಡೆಯುವ ಘಟನೆಗಳು.

ಇಷ್ಟು ಖಚಿತವಾದ ಆಧಾರದ ಮೇಲೆ ನಿಂತ ಶಾಸ್ತ್ರವು ಅಲ್ಲಿಯೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಷಿಕಾಗೋದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರನೂ ಆತನ ಅನುಯಾಯಿಗಳೂ ಜಠರದ ಹುಣ್ಣು, ಉಬ್ಬಸ, ರಕ್ತದ ಒತ್ತಡ ಮೊದಲಾದ ಒಂದೊಂದು ರೋಗಕ್ಕೂ ಒಂದೊಂದು ಬಗೆಯ ಅಂತಃಕಲಹವನ್ನು ಹೊಂದಿಸಿ ಕೊಟ್ಟುದರಿಂದ, 1950ರ ಸುಮಾರಿಗೆ ಹುಣ್ಣಿನ ರೋಗಿಯನ್ನು ನೋಡಿದ ಕೂಡಲೇ ಅವನ ಚಿತ್ತದಲ್ಲಿ ದೋಷವನ್ನು ಹುಡುಕುವುದು ವಿದ್ವತ್ತಿನ ಲಕ್ಷಣವಾಯಿತು. ಆಸ್ಟ್ರೇಲಿಯದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬವರು ಹುಣ್ಣುಗಳ ಬಹುಭಾಗಕ್ಕೆ ಒಂದು ಸುರುಳಿಯಾಕಾರದ ಬ್ಯಾಕ್ಟೀರಿಯವೇ ಕಾರಣವೆಂದು ಹೇಳಿದಾಗ ಅವರನ್ನು ನಂಬಿದವರು ವಿರಳ. ಮಾರ್ಷಲನು 1984ರಲ್ಲಿ ಆ ಜೀವಾಣುವಿನ ದ್ರಾವಣವನ್ನು ತಾನೇ ಕುಡಿದು ಜಠರದ ಉರಿಯೂತವನ್ನು ಬರಮಾಡಿಕೊಂಡನು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ಬಂದಿತು. ಎಷ್ಟು ಸಹಸ್ರ ರೋಗಿಗಳು ಎರಡು ವಾರಗಳ ಔಷಧದಿಂದ ಗುಣವಾಗಬಹುದಾಗಿದ್ದ ಕಾಯಿಲೆಗೆ ತಮ್ಮ ಸ್ವಭಾವವನ್ನು ಹಳಿದುಕೊಂಡು ಬಾಳಿದರೋ! ಸದಾ ಅವಸರದಲ್ಲಿರುವ ಸ್ಪರ್ಧಾಳುವಿಗೆ ಹೃದಯರೋಗ ಕಟ್ಟಿಟ್ಟದ್ದೆಂದು 1959ರಿಂದ ಪ್ರಚಾರಕ್ಕೆ ಬಂದ ‘ಎ’ ಮಾದರಿಯ ವ್ಯಕ್ತಿತ್ವದ ಸಿದ್ಧಾಂತವೂ ಅನಂತರದ ದೊಡ್ಡ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಆ ಸಂಶೋಧನೆಯ ಒಂದು ಭಾಗಕ್ಕೆ ತಂಬಾಕಿನ ಕಂಪನಿಗಳು ಧಾರಾಳವಾಗಿ ಹಣವನ್ನು ಕೊಟ್ಟಿದ್ದುವೆಂಬುದು ಆಮೇಲೆ ಬೆಳಕಿಗೆ ಬಂದಿತು. ಹೃದಯಾಘಾತದ ಹೊಣೆಯು ಸಿಗರೇಟಿನಿಂದ ಸ್ವಭಾವಕ್ಕೆ ಸರಿದರೆ ಯಾರಿಗೆ ಲಾಭವೆಂಬುದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಸ್ವಭಾವದ ಪಾಲು ಎಲ್ಲಿದೆ? ಇದನ್ನು ತಿಳಿಯಲು ತಂಗಡಗಿಯವರಿಗೆ ದೂರ ಹೋಗಬೇಕಾಗಿಲ್ಲ. ಅವರ ಊರಿಗೆ ಮೇಲ್ಗಡೆಯಲ್ಲಿ ಆಲಮಟ್ಟಿಯ ಅಣೆಕಟ್ಟೂ, ಕೆಳಗಡೆಯಲ್ಲಿ ನಾರಾಯಣಪುರದ ಬಸವಸಾಗರವೂ ಇವೆ. ಮಳೆಗಾಲದಲ್ಲಿ ಮಹಾಬಳೇಶ್ವರದ ಘಟ್ಟಗಳಲ್ಲಿ ಸುರಿದ ನೀರು ಆಲಮಟ್ಟಿಗೆ ಬರುವುದು ಒಂದು ಲೆಕ್ಕ. ಅಲ್ಲಿನ 26 ಗೇಟುಗಳಲ್ಲಿ ಎಷ್ಟನ್ನು ಎಷ್ಟು ಎತ್ತಬೇಕೆಂಬ ನಿರ್ಧಾರ ಇನ್ನೊಂದು ಲೆಕ್ಕ. ತಂಗಡಗಿಯ ದಂಡೆಯಲ್ಲಿ ನಿಂತವನಿಗೆ ಕಾಣುವ ನೀರು ಇವೆರಡರ ಫಲ. ಒಳಹರಿವು ಸಾಧಾರಣವಾಗಿದ್ದರೂ ಗೇಟು ಎತ್ತಿದರೆ ಹೊಳೆಯು ತುಂಬಿ ಬರುತ್ತದೆ. ಒಳಹರಿವು ಹಿರಿದಾಗಿದ್ದರೂ ಜಲಾಶಯದಲ್ಲಿ ಎಡೆಯಿದ್ದು ಗೇಟು ಇಳಿಸಿದ್ದರೆ ದಂಡೆಯವರಿಗೆ ಅದರ ಸುಳಿವೇ ಹತ್ತುವುದಿಲ್ಲ. ಅಷ್ಟೇ ಅಲ್ಲದೆ, ಗೇಟನ್ನು ಎತ್ತುವ ಅಧಿಕಾರಿಯು ಇಂದಿನ ನೀರನ್ನು ಮಾತ್ರ ನೋಡದೆ, ಮೇಲಿನಿಂದ ಬರುವ ಸುದ್ದಿ, ಹಿಂದಿನ ವರ್ಷದ ಪ್ರವಾಹದ ನೆನಪು, ನಾಳೆಯ ಮಳೆಯ ನಿರೀಕ್ಷೆ ಇವೆಲ್ಲವನ್ನೂ ತೂಗಿ ನೋಡುತ್ತಾನೆ. ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಶಾಸ್ತ್ರಜ್ಞರು 1965ರಲ್ಲಿ ನೋವನ್ನು ಕುರಿತು ಮಂಡಿಸಿದ ಸಿದ್ಧಾಂತಕ್ಕೆ ಇಟ್ಟ ಹೆಸರೂ ಗೇಟಿನದೇ. ಅಂಗಾಂಗಗಳಿಂದ ಹೊರಟ ನೋವಿನ ಸಂಜ್ಞೆಯು ಬೆನ್ನುಹುರಿಯ ಹಂತದಲ್ಲಿ ಒಂದು ದ್ವಾರವನ್ನು ದಾಟಬೇಕು. ಆ ದ್ವಾರವು ಎಷ್ಟು ತೆರೆದಿರಬೇಕೆಂಬುದಕ್ಕೆ ಮೆದುಳಿನಿಂದ ಕೆಳಗೆ ಆಜ್ಞೆಗಳು ಬರುತ್ತಿರುತ್ತವೆ. ಭಯ, ದುಃಖ, ಒಂಟಿತನ, ಹಿಂದಿನ ನೋವಿನ ಸ್ಮೃತಿ ಇವು ದ್ವಾರವನ್ನು ತೆರೆಯಿಸುತ್ತವೆ. ನಿರ್ಭಯ, ಕಾರ್ಯಮಗ್ನತೆ, ಆಸರೆಯ ಭರವಸೆ ಇವು ಮುಚ್ಚಿಸುತ್ತವೆ. ಆ ಸಿದ್ಧಾಂತದ ಎಷ್ಟೋ ವಿವರಗಳನ್ನು ಮುಂದಿನವರು ತಿದ್ದಿದರಾದರೂ ಅದರ ಮುಖ್ಯ ತತ್ತ್ವವು ಸ್ಥಿರವಾಗಿ ನಿಂತಿದೆ. ಎರಡನೆಯ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ವೈದ್ಯನು, ಘೋರವಾಗಿ ಗಾಯಗೊಂಡಿದ್ದರೂ ಬಹುಮಂದಿ ಯೋಧರು ನೋವಿನ ಔಷಧವು ಬೇಡವೆಂದುದನ್ನು ಕಂಡು ಬೆರಗಾಗಿದ್ದನಷ್ಟೆ. ರಣರಂಗದಿಂದ ಜೀವಸಹಿತ ಪಾರಾದೆನೆಂಬ ನೆಮ್ಮದಿಯು ಅವರ ಗೇಟುಗಳನ್ನು ಇಳಿಸಿತ್ತು.

ಸ್ವಭಾವವೆಂಬುದು ಈ ಗೇಟಿನ ರೂಢಿಗತವಾದ ಮಟ್ಟವೆಂದು ತಿಳಿಯಲಡ್ಡಿಯಿಲ್ಲ. ಕಳವಳ, ಬೇಸರ, ಸಿಡುಕು ಇವುಗಳಿಗೆ ಬೇಗನೆ ಒಳಗಾಗುವ ಪ್ರವೃತ್ತಿಯು ಮನುಷ್ಯರಲ್ಲಿ ಹೆಚ್ಚುಕಡಿಮೆಯಾಗಿ ಹಂಚಿಹೋಗಿದ್ದು, ಒಬ್ಬನಲ್ಲಿ ಪ್ರಾಯದಿಂದ ಮುಪ್ಪಿನವರೆಗೆ ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ಉಳಿದುಬರುತ್ತದೆ. ಬಾಲ್ಟಿಮೋರಿನ ವಾರ್ಧಕ್ಯ ಸಂಶೋಧನಾ ಕೇಂದ್ರದ ಪಾಲ್ ಕೋಸ್ಟಾ ಮತ್ತು ರಾಬರ್ಟ್ ಮೆಕ್ರೇ ಎಂಬ ಮನೋವಿಜ್ಞಾನಿಗಳು ಪುರುಷರ ಶಾರೀರಿಕ ದೂರುಗಳನ್ನು ಅಂಗಾಂಗವಾರು ಪಟ್ಟಿಮಾಡಿ, ವಯಸ್ಸಿನೊಡನೆಯೂ ಸ್ವಭಾವದೊಡನೆಯೂ ತಾಳೆ ನೋಡಿ, 1980ರಲ್ಲಿ ಪ್ರಕಟಿಸಿದ ಫಲಿತಾಂಶವು ನಮ್ಮ ಪತ್ರಲೇಖಕರ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟದ್ದು. ಕಳವಳದ ಸ್ವಭಾವದವರು ಹೆಚ್ಚುಕಡಿಮೆ ದೇಹದ ಎಲ್ಲ ಭಾಗಗಳನ್ನು ಕುರಿತೂ ಹೆಚ್ಚು ದೂರಿದರು. ವಯಸ್ಸಾದಂತೆ ಹೆಚ್ಚಿದ ದೂರುಗಳಾದರೋ ಕಣ್ಣುಕಿವಿಗಳು, ಹೃದಯ ಮತ್ತು ರಕ್ತನಾಳಗಳು, ಮೂತ್ರಾಂಗಗಳು ಇವುಗಳಿಗೆ, ಎಂದರೆ ಮುಪ್ಪಿನಲ್ಲಿ ನಿಜವಾಗಿಯೂ ಕೆಡುವ ಅಂಗಗಳಿಗೆ, ಸೇರಿದುವು. ವೃದ್ಧಾಪ್ಯವು ಮನುಷ್ಯನನ್ನು ಗೊಣಗುವವನನ್ನಾಗಿ ಮಾಡುತ್ತದೆಂಬ ಲೋಕಾಪವಾದಕ್ಕೆ ಅಲ್ಲಿ ಆಧಾರವು ಸಿಕ್ಕಲಿಲ್ಲ. ಗೊಣಗುವ ವೃದ್ಧನು ಬಹುಶಃ ಗೊಣಗುವ ತರುಣನಾಗಿಯೇ ಇದ್ದವನು. ಈ ಸಂಶೋಧನೆಗೆ ದೊರೆಯಬೇಕಾದಷ್ಟು ಪ್ರಚಾರವು ದೊರೆತಿಲ್ಲವೆಂದು ನನಗೆ ಖೇದವಿದೆ.

1989ರಲ್ಲಿ ಡೇವಿಡ್ ವಾಟ್ಸನ್ ಮತ್ತು ಜೇಮ್ಸ್ ಪೆನ್ನೆಬೇಕರ್ ಎಂಬವರು ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಕಳವಳದ ಸ್ವಭಾವಕ್ಕೂ ದೂರುಗಳ ಸಂಖ್ಯೆಗೂ ಸಂಬಂಧವು ಗಾಢವಾಗಿದ್ದಿತು. ಅದೇ ಸ್ವಭಾವಕ್ಕೂ ರೋಗದ ವಸ್ತುನಿಷ್ಠ ಗುರುತುಗಳಿಗೂ ಸಂಬಂಧವು ಅತ್ಯಲ್ಪವಾಗಿದ್ದಿತು. ಹಾಗೆಂದು ಆ ದೂರುಗಳು ಸುಳ್ಳೆಂದು ಅವರು ಹೇಳಲಿಲ್ಲ. ಅಂಥವರ ಲಕ್ಷ್ಯವು ಸದಾ ಒಳಮುಖವಾಗಿ ದೇಹವನ್ನು ಕಾಯುತ್ತಿರುವುದರಿಂದ, ಉಳಿದವರ ಅರಿವಿಗೆ ಬಾರದೆ ಸಂದುಹೋಗುವ ಸಂವೇದನೆಗಳೂ ಅವರಿಗೆ ಗೋಚರವಾಗುತ್ತವೆ. ಚಲನಚಿತ್ರದ ನೀರಸವಾದ ಭಾಗಗಳಲ್ಲಿ ಪ್ರೇಕ್ಷಕರು ಹೆಚ್ಚು ಕೆಮ್ಮುತ್ತಾರೆಂದೂ ರೋಚಕವಾದ ಭಾಗಗಳಲ್ಲಿ ಕೆಮ್ಮು ಅಡಗುತ್ತದೆಂದೂ ಪೆನ್ನೆಬೇಕರನು ಎಣಿಸಿ ತೋರಿಸಿದ್ದನು. ಪಾಠ ಹೇಳುವವರಿಗೆ ಇದರ ಅನುಭವವು ಬೇಕಾದಷ್ಟು ಉಂಟು. ಖಿನ್ನತೆಯೆಂಬ ರೋಗವು ಬಹುಕಾಲ ಉಳಿದಾಗ ಹೃದಯರೋಗದ ಸಂಭವವು ಏರುತ್ತದೆಂಬುದು ನಿಜ. ಆದರೆ ಅದು ರೋಗದ ಮಾತು, ಸ್ವಭಾವದ ಮಾತಲ್ಲ. ಸ್ವಭಾವವು ಆಯುಷ್ಯವನ್ನು ಮುಟ್ಟುವ ದಾರಿ ಬಹುಪಾಲು ಚಟಗಳ ಮೂಲಕ, ಅಭ್ಯಾಸಗಳ ಮೂಲಕ. 1921ರಲ್ಲಿ ಲೂಯಿಸ್ ಟರ್ಮನ್ ಎಂಬಾತನು ಕ್ಯಾಲಿಫೋರ್ನಿಯದಲ್ಲಿ ಆರಿಸಿಕೊಂಡ ಸುಮಾರು 1500 ಮಕ್ಕಳ ಜೀವನವನ್ನು ಹಿಂಬಾಲಿಸಿ ಹೊವರ್ಡ್ ಫ್ರೀಡ್ಮನ್ ಮತ್ತು ಸಂಗಡಿಗರು 1993ರಲ್ಲಿ ವರದಿ ಮಾಡಿದಂತೆ, ದೀರ್ಘಕಾಲ ಬಾಳಿದವರು ಬಾಲ್ಯದಲ್ಲಿ ಹೊಣೆಯರಿತು ನಡೆಯುತ್ತಿದ್ದವರು. ಸದಾ ನಗುನಗುತ್ತಿದ್ದ ಮಕ್ಕಳಿಗೆ ಆಯುಷ್ಯವು ತುಸು ಕಡಿಮೆಯೇ ಆಗಿದ್ದಿತು. ನಕ್ಕರೆ ನೂರು ವರ್ಷವೆಂದು ವೇದಿಕೆಯಿಂದ ಬೋಧಿಸುವವರು ಇದನ್ನು ಓದಬೇಕು.

ಇನ್ನು ನಮ್ಮ ನಾಡಿನ ಅನುಭವಕ್ಕೆ ಬರೋಣ. ಭಾರತೀಯರು ಮನಸ್ಸಿನ ನೋವನ್ನು ಅರಿಯದವರು, ಅದನ್ನು ಮೈಕೈನೋವಾಗಿಯೇ ಅನುಭವಿಸುವವರು ಎಂಬ ಒಂದು ಪೂರ್ವಗ್ರಹವು ಪಾಶ್ಚಾತ್ಯ ವೈದ್ಯರಲ್ಲಿ ಬಹುಕಾಲ ಬೇರೂರಿದ್ದಿತು. ಅದನ್ನು ಅಲುಗಾಡಿಸಿದ ಕೆಲಸದಲ್ಲಿ ಕನ್ನಡನಾಡಿನ ಪಾಲು ದೊಡ್ಡದು. ಭಾರತದಲ್ಲಿಯೇ ಹುಟ್ಟಿ ಬೆಳೆದು ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾಗಿದ್ದ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಮನೋವೈದ್ಯ ಆರ್. ಎಲ್. ಕಪೂರ್ ಇವರು, ಶಿವರಾಮ ಕಾರಂತರ ಹುಟ್ಟೂರಾದ ಕರಾವಳಿಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನೆಮನೆಗೂ ಹೋಗಿ ಜನರ ಮನೋವ್ಯಥೆಗಳನ್ನು ವಿಚಾರಿಸಿ 1976ರಲ್ಲಿ ಪ್ರಕಟಿಸಿದ ಗ್ರಂಥವು ಇಂದಿಗೂ ಓದತಕ್ಕದ್ದಾಗಿದೆ. ವಿಲಾಯತಿಯ ಪ್ರಶ್ನಾವಳಿಯನ್ನು ಭಾಷಾಂತರಿಸಿ ತಂದರೆ ಸಾಲದೆಂದು ಅರಿತು, ಕಪೂರರೂ ಅವರ ಪತ್ನಿ ಮಾಲವಿಕಾ ಕಪೂರರೂ ಕಾರ್‌ಸ್ಟೇರ್ಸರೊಡನೆ ಕೂಡಿ ಈ ದೇಶದ ಜನ ತಮ್ಮ ಸಂಕಟವನ್ನು ಹೇಳಿಕೊಳ್ಳುವ ರೀತಿಗೆ ತಕ್ಕ ಹೊಸ ಪ್ರಶ್ನಾವಳಿಯನ್ನೇ ರಚಿಸಿ 1974ರಲ್ಲಿ ಹೊರತಂದರು. ನೊಂದವರು ಪಂಡಿತನಲ್ಲಿಗೆ, ಮಂತ್ರವಾದಿಯಲ್ಲಿಗೆ, ಪಾತ್ರಿಯಲ್ಲಿಗೆ, ಡಾಕ್ಟರಲ್ಲಿಗೆ ಒಂದಾದ ಮೇಲೊಂದರಂತೆ ಹೋಗುವುದನ್ನೂ, ಒಂದನ್ನು ಹಿಡಿದುದಕ್ಕೆ ಇನ್ನೊಂದನ್ನು ಬಿಡದಿರುವುದನ್ನೂ ಕಪೂರರು ತಿರಸ್ಕಾರದ ಲೇಶವೂ ಇಲ್ಲದೆ ದಾಖಲಿಸಿದ್ದಾರೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಆರ್. ರಘುರಾಮ್, ಎಸ್. ಎಂ. ಚನ್ನಬಸವಣ್ಣ, ಮಿಚೆಲ್ ವೈಸ್ ಮತ್ತು ಸಂಗಡಿಗರು ಹೊರರೋಗಿಗಳನ್ನು ವಿಸ್ತಾರವಾಗಿ ಮಾತನಾಡಿಸಿ 1996ರಲ್ಲಿ ಪ್ರಕಟಿಸಿದ ಸಂಶೋಧನೆಯು ನನ್ನ ದೃಷ್ಟಿಯಲ್ಲಿ ಈ ವಿಷಯದ ಮರ್ಮವನ್ನೇ ಮುಟ್ಟಿತು. ಮನಸ್ಸಿನ ಕುಗ್ಗುವಿಕೆಯ ಲಕ್ಷಣಗಳು ಹೆಚ್ಚಾಗಿದ್ದವರಲ್ಲಿ ಲೋಕಾಪವಾದದ ಅಳುಕೂ ಹೆಚ್ಚಾಗಿದ್ದಿತು. ಶರೀರದ ದೂರುಗಳು ಹೆಚ್ಚಾಗಿದ್ದವರಲ್ಲಿ ಆ ಅಳುಕು ಕಡಿಮೆಯಾಗಿದ್ದಿತು. ಕಾಲುನೋವೆಂದರೆ ಮಗಳ ಮದುವೆಗೆ ಅಡ್ಡಿಯಾಗದು, ನೆರೆಯವರು ಬಂದು ಎಣ್ಣೆ ತಿಕ್ಕಿ ಹೋಗುತ್ತಾರೆ. ಮನಸ್ಸು ಕೆಟ್ಟಿದೆಯೆಂದರೆ ಮನೆತನದ ಹೆಸರಿಗೇ ಕುಂದು. ಹೀಗಿರುವಾಗ ಇಂಡಿ ಸಿಂದಗಿಗಳ ಒಬ್ಬ ಸೊಸೆಯು, ಕುಡಿಯುವ ಗಂಡ, ಸಾಲ, ಮಳೆಯಿಲ್ಲದ ಹೊಲ ಇವುಗಳ ಭಾರವನ್ನು ಹೊತ್ತವಳು, ವೈದ್ಯರ ಮುಂದೆ ‘ಸುಸ್ತು, ತಲಿ ಗಿರ್ರ ಅಂತದ’ ಎಂದಷ್ಟೇ ಹೇಳಿದರೆ ಅದು ಅಜ್ಞಾನವಲ್ಲ, ವಿವೇಕ. ದಕ್ಷಿಣ ಕನ್ನಡದ ಹವ್ಯಕ ಸ್ತ್ರೀಯರ ನಡುವೆ ಕೆಲಸಮಾಡಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರನೂ 1981ರಲ್ಲಿ ಇದನ್ನೇ ಬೇರೆ ರೀತಿಯಲ್ಲಿ ಹೇಳಿದ್ದನು: ನೇರವಾಗಿ ಪ್ರತಿಭಟಿಸಲಾರದವಳಿಗೆ ದೇಹದ ಕಾಯಿಲೆ, ಉಪವಾಸ, ಮಡಿ ಇವೇ ಸಂಕಟವನ್ನು ನಿವೇದಿಸುವ ನುಡಿಗಟ್ಟುಗಳಾಗುತ್ತವೆ. ನೆರೆಯ ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸ್ತ್ರೀಯರ ದೀರ್ಘಕಾಲದ ಸುಸ್ತನ್ನು ಕುರಿತು 2005ರಲ್ಲಿ ವರದಿ ಮಾಡಿದಾಗಲೂ, ಆ ಸುಸ್ತಿನ ಸಂಬಂಧವು ರಕ್ತದ ಹಿಮೋಗ್ಲೋಬಿನ್ ಮಟ್ಟಕ್ಕಿಂತ ಬಡತನ, ಮನಸ್ಸಿನ ಬೇಗುದಿ, ಗಂಡನ ಹಿಂಸೆ ಇಂಥವುಗಳೊಡನೆ ಬಲವಾಗಿ ಕಂಡುಬಂದಿತು.

ಆದರೆ ಇದು ಪೂರ್ವದೇಶದವರ ವೈಶಿಷ್ಟ್ಯವೆಂದೆಣಿಸುವುದು ಮಾತ್ರ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯು ಬೆಂಗಳೂರನ್ನೂ ಸೇರಿಸಿ 14 ದೇಶಗಳ 15 ಕೇಂದ್ರಗಳಲ್ಲಿ ನಡೆಸಿದ ಪರಿಶೀಲನೆಯಲ್ಲಿ, ಖಿನ್ನತೆಯಿಂದ ನರಳುತ್ತಿದ್ದ 1146 ರೋಗಿಗಳ ಪೈಕಿ ನೂರಕ್ಕೆ 69 ಮಂದಿ ವೈದ್ಯರಲ್ಲಿಗೆ ಬಂದುದು ಕೇವಲ ಶಾರೀರಿಕ ದೂರುಗಳನ್ನು ಹೇಳಿಕೊಂಡು. ನೇರವಾಗಿ ಕೇಳಿದ ಮೇಲೂ ಮನಸ್ಸಿಗೆ ಏನೂ ಆಗಿಲ್ಲವೆಂದವರು ನೂರಕ್ಕೆ 11 ಮಂದಿ ಮಾತ್ರ. 1999ರಲ್ಲಿ ಪ್ರಕಟವಾದ ಈ ಎರಡು ಸಂಖ್ಯೆಗಳನ್ನು ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆಸಬೇಕೆಂದು ನನಗೆ ಅನಿಸುತ್ತದೆ. ಕೇಳಿದರೆ ಹೇಳುತ್ತಾರೆ, ಕೇಳುವವರಿಲ್ಲದೆ ಕಾಲುನೋವಿನ ಗುಳಿಗೆಯನ್ನು ಹಿಡಿದುಕೊಂಡು ಮನೆಗೆ ಹೋಗುತ್ತಾರೆ.

ಈಗ ಪತ್ರಲೇಖಕರ ಮೂವರನ್ನು ಒಬ್ಬೊಬ್ಬರನ್ನಾಗಿ ನೋಡಬಹುದು. ಹುಡುಗಿಯಂಥವರು ಅಪರೂಪದವರಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾನ್ ಆಪ್ಲೀ ಎಂಬ ಮಕ್ಕಳ ವೈದ್ಯನು 1958ರಲ್ಲಿ ಸಹೋದ್ಯೋಗಿಯೊಡನೆ 1000 ಶಾಲಾಮಕ್ಕಳನ್ನು ಪರೀಕ್ಷಿಸಿದಾಗ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗೆ ಮರುಕಳಿಸುವ ಹೊಟ್ಟೆನೋವು ಇದ್ದಿತು. ಅವರಲ್ಲಿ ಬಹುಪಾಲಿಗೆ ಅಂಗದೋಷವು ಕಾಣಲಿಲ್ಲ. ನೋವು ಹೊಕ್ಕುಳಿನಿಂದ ದೂರವಾದಷ್ಟೂ ಅಂಗದ ರೋಗವಿರುವ ಸಂಭವವು ಹೆಚ್ಚೆಂದು ಆತನು ಹೇಳಿದ ಸೂತ್ರವನ್ನು ವೈದ್ಯರು ಇಂದಿಗೂ ಆತನ ಹೆಸರಿನಿಂದಲೇ ನೆನೆಯುತ್ತಾರೆ. ಎಂಟು ವರ್ಷದ ಮಗುವಿಗೆ ‘ಅವ್ವ ನೆನಪಾಗ್ತಾಳ’ ಎಂಬುದನ್ನು ನೂರು ಮಕ್ಕಳ ನಡುವೆ ಹೇಳುವ ಶಕ್ತಿಯಿರುವುದಿಲ್ಲ. ಕ್ಯಾನನನು ಕಂಡ ಬೆಕ್ಕಿನ ಜಠರದಂತೆ ಅವಳ ಕರುಳೂ ಅಗಲಿಕೆಗೆ ತನ್ನದೇ ಆದ ಉತ್ತರವನ್ನು ಕೊಡುತ್ತದೆ. ಮಧ್ಯಾಹ್ನಕ್ಕೆ ಆಡುತ್ತಿರುವಳೆಂಬುದು ನಾಟಕದ ಸಾಕ್ಷ್ಯವಾಗಲಾರದು. ಗೆಳತಿಯರ ಸಂಗದಲ್ಲಿ ಗೇಟು ಇಳಿದಿದೆ, ಅಷ್ಟೆ. ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಜ್ವರ, ವಾಂತಿ, ಮಲದಲ್ಲಿ ರಕ್ತ ಇವುಗಳಲ್ಲಿ ಒಂದಿದ್ದರೂ ಸ್ವಭಾವದ ವಿಚಾರವನ್ನು ಬದಿಗಿರಿಸಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಜಂತುಹುಳುವಿನ ಗುಳಿಗೆಯನ್ನಂತೂ ಮೊದಲೇ ಕೊಟ್ಟಿರಬೇಕು.

ತಾಯಿಯವರ ವಿಚಾರವು ಹೆಚ್ಚು ಸೂಕ್ಷ್ಮವಾದುದು. ಪತಿವಿಯೋಗದ ನೋವು ಅಂಗಾಂಗಗಳಿಗೆ ಇಳಿಯಬಲ್ಲದೆಂಬುದರಲ್ಲಿ ಸಂದೇಹವಿಲ್ಲ. ಲಂಡನ್ನಿನ ಕಾಲಿನ್ ಮರ್ರೆ ಪಾರ್ಕ್ಸ್ ಮತ್ತು ಸಂಗಡಿಗರು 55 ವರ್ಷ ದಾಟಿದ 4486 ವಿಧುರರನ್ನು ಹಿಂಬಾಲಿಸಿ 1969ರಲ್ಲಿ ಹೇಳಿದಂತೆ, ಪತ್ನಿಯನ್ನು ಕಳೆದುಕೊಂಡ ಮೊದಲ ಆರು ತಿಂಗಳಲ್ಲಿ ಅವರ ಮರಣಗಳು ನಿರೀಕ್ಷೆಗಿಂತ ನೂರಕ್ಕೆ 40ರಷ್ಟು ಹೆಚ್ಚಾಗಿದ್ದುವು, ಅವುಗಳಲ್ಲಿ ದೊಡ್ಡ ಪಾಲು ಹೃದಯದ್ದು. 1990ರಿಂದೀಚೆಗೆ ಜಪಾನಿನ ವೈದ್ಯರು ವರ್ಣಿಸಿದ ಒಂದು ಹೃದ್ರೋಗದಲ್ಲಿ, ನಾಳಗಳಲ್ಲಿ ಅಡಚಣೆಯೇ ಇಲ್ಲದೆ, ತೀವ್ರವಾದ ಶೋಕ ಅಥವಾ ಆಘಾತದ ತರುವಾಯ ಹೃದಯದ ಒಂದು ಭಾಗವು ಕೆಲಕಾಲ ನಿಶ್ಚೇಷ್ಟಿತವಾಗುತ್ತದೆ. ಅದಕ್ಕೆ ಹೆಚ್ಚಾಗಿ ತುತ್ತಾಗುವವರು ಮುಟ್ಟು ನಿಂತ ಸ್ತ್ರೀಯರು. ತಂಗಡಗಿಯ ಓದುಗರಿಗೆ ಇಲ್ಲಿ ಬಸವಣ್ಣನವರ ಪತ್ನಿ ನೀಲಾಂಬಿಕೆಯ ನೆನಪಾಗುವುದು ಸಹಜ. ಕಲ್ಯಾಣದಿಂದ ಹಡಪದ ಅಪ್ಪಣ್ಣನೊಡನೆ ಸಂಗಮಕ್ಕೆ ಹೊರಟ ಆ ಶರಣೆಯು, ಬಸವಣ್ಣನವರು ಐಕ್ಯರಾದ ಸುದ್ದಿಯನ್ನು ತಂಗಡಗಿಯಲ್ಲಿ ಕೇಳಿ, ಹೊಳೆಯನ್ನು ದಾಟದೆ ಅಲ್ಲಿಯೇ ಐಕ್ಯಳಾದಳೆಂಬುದು ಪರಂಪರೆಯ ಮಾತು. ಅದನ್ನು ಹೃದ್ರೋಗದ ಪಟ್ಟಿಯಲ್ಲಿ ಸೇರಿಸುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. ಶರಣರು ಐಕ್ಯವೆಂದು ಕರೆದುದು ಭಕ್ತಿಯ ಒಂದು ಸಿದ್ಧಿ, ವೈದ್ಯಶಾಸ್ತ್ರದ ಅಳತೆಗೋಲು ಅದಕ್ಕೆ ತಕ್ಕದ್ದಲ್ಲ. ಅಗಲಿಕೆಯನ್ನು ದೇಹವು ಲೆಕ್ಕಿಸದೆ ಬಿಡುವುದೆಂದು ಈ ನೆಲದವರು ಎಂದೂ ನಂಬಿರಲಿಲ್ಲವೆಂಬುದನ್ನಷ್ಟೇ ಹೇಳಬಹುದು.

ಹಾಗಿದ್ದರೂ ತಾಯಿಯವರ ಸಂಕಟವೆಲ್ಲವೂ ದುಃಖದ್ದೆಂದು ತೀರ್ಮಾನಿಸಲು ನನಗೆ ಧೈರ್ಯವಿಲ್ಲ. ಜೀವಮಾನವಿಡೀ ಗೊಣಗದೆ ಕಳೆ ಕಿತ್ತು, ಜೋಳ ಕೊಯ್ದು, ರೊಟ್ಟಿ ಬಡಿದ ಹೆಂಗಸು ಅರವತ್ತರ ಮೇಲೆ ಹೊಸದಾಗಿ ದೂರತೊಡಗಿದರೆ, ಕೋಸ್ಟಾ ಮೆಕ್ರೇಯವರ ಲೆಕ್ಕದ ಪ್ರಕಾರ ಅದನ್ನು ಸ್ವಭಾವಕ್ಕೂ ಹೊರಿಸುವಂತಿಲ್ಲ, ಬರಿಯ ವಯಸ್ಸಿಗೂ ಹೊರಿಸುವಂತಿಲ್ಲ. ಅಂಥ ದೂರು ಒಂದೋ ಅಂಗದ ರೋಗದ, ಇಲ್ಲವೇ ಖಿನ್ನತೆಯ ಸೂಚನೆ, ಎಷ್ಟೋ ವೇಳೆ ಎರಡರದೂ. ವೃದ್ಧರಲ್ಲಿ ಹೃದಯಾಘಾತವೇ ಎದೆನೋವಿಲ್ಲದೆ ಬರಿಯ ಸುಸ್ತಾಗಿ ಬರುವುದುಂಟು. ವಿಜಯಪುರ ಜಿಲ್ಲೆಯ ಹಲವೆಡೆ ಬೋರ್‌ವೆಲ್ಲಿನ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿರುವುದರಿಂದ, ಕೀಲುಬೆನ್ನುಗಳ ನೋವಿಗೆ ಅದೇ ಕಾರಣವಾಗಿರಬಹುದು. ಕಾಲು ಉರಿಗೆ ಸಕ್ಕರೆ ಕಾಯಿಲೆಯೋ ಬಿ12 ಜೀವಸತ್ತ್ವದ ಕೊರತೆಯೋ, ಎದೆ ಡವಡವಕ್ಕೆ ರಕ್ತಹೀನತೆಯೋ ಥೈರಾಯ್ಡಿನ ದೋಷವೋ ಮೂಲವಾಗಿರಬಹುದು. ಇವನ್ನೆಲ್ಲ ಒಮ್ಮೆ ಕ್ರಮವಾಗಿ ನೋಡಿದ ಬಳಿಕ, ನಿದ್ದೆ ಹೇಗಿದೆ, ಊಟ ರುಚಿಸುತ್ತದೆಯೇ, ಗುಡಿಗೆ ಹೋಗುವುದನ್ನೂ ನೆರೆಯವರೊಡನೆ ಕೂಡುವುದನ್ನೂ ಬಿಟ್ಟಿದ್ದಾರೆಯೇ, ಬದುಕು ಸಾಕೆನ್ನುತ್ತಾರೆಯೇ ಎಂದು ಮಗನು ಎದುರು ಕುಳಿತು ಕೇಳಬೇಕು. ‘ಏನೂ ಇಲ್ಲ’ ಎಂಬ ಮಾತನ್ನಂತೂ ಅವರಿಗೆ ಇನ್ನೊಮ್ಮೆ ಕೇಳಿಸಬಾರದು; ಪರೀಕ್ಷೆಯಲ್ಲಿ ಕಾಣದಿದ್ದುದು ಅನುಭವದಲ್ಲಿ ಇಲ್ಲದಾಗುವುದಿಲ್ಲ.

ಉಳಿದವರು ಪತ್ರಲೇಖಕರು. ಚಿಂತೆಯ ಸ್ವಭಾವವು ತಮ್ಮ ಆಯುಷ್ಯವನ್ನು ತಿನ್ನುತ್ತಿದೆಯೆಂಬ ಭಯವನ್ನು ಅವರು ಬಿಡಬಹುದು. ಆ ಭಯಕ್ಕೆ ಸಂಶೋಧನೆಯ ಆಸರೆಯು ಅತ್ಯಲ್ಪ. ತಂಬಾಕು ಗುಟ್ಕಾಗಳಿಂದ ದೂರವಿದ್ದು, ರಕ್ತದ ಒತ್ತಡವನ್ನು ವರ್ಷಕ್ಕೊಮ್ಮೆ ಅಳೆಯಿಸಿಕೊಂಡು, ಪ್ರತಿಯೊಂದು ತಲೆನೋವಿಗೂ ಸ್ಕ್ಯಾನ್ ಮಾಡಿಸಿಕೊಳ್ಳುವ ಬದಲು ತಮ್ಮ ಸ್ವಭಾವವನ್ನು ಬಲ್ಲ ಒಬ್ಬರೇ ವೈದ್ಯರನ್ನು ಹಿಡಿದು ನಡೆಯುವುದು ಅವರಿಗೆ ಹಿತ. ವೈದ್ಯರನ್ನು ಬದಲಾಯಿಸಿದಷ್ಟೂ ಪರೀಕ್ಷೆಗಳು ಹೆಚ್ಚುತ್ತವೆ, ಪರೀಕ್ಷೆಗಳು ಹೆಚ್ಚಿದಷ್ಟೂ ಕಳವಳವು ಬೆಳೆಯುತ್ತದೆ. ತಾಯಿಯವರಿಗೋ ತಮಗೋ ಮನೋವೈದ್ಯರ ಸಲಹೆ ಬೇಕೆನಿಸಿದರೆ ಬೆಂಗಳೂರಿಗಾಗಲಿ ಧಾರವಾಡಕ್ಕಾಗಲಿ ಹೋಗಬೇಕಾದ ಕಾಲ ಈಗಿಲ್ಲ. ರಾಜ್ಯದ ಮನೋಚೈತನ್ಯ ಯೋಜನೆಯಂತೆ ನಿಗದಿಯಾದ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡು ಇದೆ. ಮುದ್ದೇಬಿಹಾಳದಲ್ಲಿ ಯಾವ ಮಂಗಳವಾರವೆಂಬುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಣ ಕೊಡದೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಅಲ್ಲಿ ತಾಯಿಯವರು ಮೊದಲು ಕಾಲುನೋವಿನಿಂದಲೇ ಆರಂಭಿಸಲಿ. ಮುಂದಿನದನ್ನು ಕೇಳುವುದು ಅತ್ತಣವರ ಕೆಲಸ.